ಮೂವತ್ತೈದು ಚೌಕಗಳ ಲೆಕ್ಕ

ಇಸಿಜಿ ಎಂದರೆ ಹೃದಯಾಘಾತ ಆಗಿದೆಯೋ ಇಲ್ಲವೋ ನೋಡುವ ಪರೀಕ್ಷೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಎದೆನೋವು ಎಂದರೇನೆಂದೇ ಅರಿಯದವರ ಹೃದಯದ ಬಗ್ಗೆಯೂ ಆ ಗುಲಾಬಿ ಚೌಕುಳಿ ಕಾಗದ ಒಂದು ಮುಖ್ಯ ಸಂಗತಿ ಹೇಳಬಲ್ಲದು: ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿದೆಯೇ ಎಂಬುದನ್ನು. ವೈದ್ಯರ ಚೀಟಿಯಲ್ಲಿ ‘ಎಲ್‌ವಿಎಚ್’ ಎಂದು ಬರೆದಿದ್ದರೆ ಅದು ಇದೇ.

ಮೈಗೆಲ್ಲ ರಕ್ತ ತಳ್ಳುವ ಹೊಣೆ ಎಡ ಹೃತ್ಕುಕ್ಷಿಯದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ಮುದುಡಿ ಅರಳುತ್ತದೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ, ಇಲ್ಲವೇ ಮಹಾಪಧಮನಿಯ ಕವಾಟ ಕಿರಿದಾಗಿದ್ದರೆ, ಪ್ರತಿ ಸಲವೂ ಹೆಚ್ಚು ಬಲ ಹಾಕಬೇಕು. ಗರಡಿಯಲ್ಲಿ ಸಾಮು ಮಾಡಿದ ತೋಳಿನಂತೆ ಸ್ನಾಯು ಬಲಿಯುತ್ತದೆ. ತೋಳಿಗೆ ಅದು ಲಾಭ, ಹೃದಯಕ್ಕೆ ಅಲ್ಲ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನೊಳಗೇ ಇರುವ ಗೋಡೆ ದಪ್ಪವಾದಷ್ಟೂ ಬಿರುಸಾಗುತ್ತದೆ. ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಕಷ್ಟಪಡುತ್ತದೆ. ಇಷ್ಟೆಲ್ಲ ನಡೆಯುತ್ತಿದ್ದರೂ ಆ ಮನುಷ್ಯನಿಗೆ ಏನೂ ಅನ್ನಿಸದಿರಬಹುದು.

ಈ ದಪ್ಪದ ಸುಳಿವನ್ನು ಇಸಿಜಿ ಹಿಡಿಯುವುದು ಹೃದಯದ ವಿದ್ಯುತ್ತಿನಿಂದ. ಆ ವಿದ್ಯುತ್ತನ್ನು ಸ್ಪಷ್ಟವಾದ ಗೀಟಾಗಿ ಬರೆಯಿಸಿದವರು ನೆದರ್‌ಲೆಂಡ್ಸ್‌ನ ಲೈಡನ್ ನಗರದ ವಿಲೆಮ್ ಐಂಥೋವನ್. ಅವರ ಯಂತ್ರದ ತೂಕ ಸುಮಾರು 270 ಕಿಲೋ. ಪರೀಕ್ಷೆಗೆ ಕೂತವರು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಡಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಹಾಗಾಗಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ರೋಗಿಗಳ ಹೃದಯದ ಮಿಡಿತವನ್ನೇ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1906ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲೇ ಹೃತ್ಕುಕ್ಷಿ ದಪ್ಪವಾದವರ ಇಸಿಜಿಗಳಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುವ ನಮ್ಮ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಹಿಂದಿರುವ ಆಲೋಚನೆ ಅಷ್ಟು ಹಳೆಯದು. ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು.

ಗೀಟು ನೋಡಿ ಗೋಡೆಯ ದಪ್ಪ ಗುರುತಿಸಲು ಇಂದು ವೈದ್ಯರು ಹೆಚ್ಚಾಗಿ ಬಳಸುವ ಲೆಕ್ಕವನ್ನು ಕೊಟ್ಟವರು ಸ್ಯಾನ್‌ಫ್ರಾನ್ಸಿಸ್ಕೊದ ಮಾರಿಸ್ ಸೊಕೊಲೋವ್ ಮತ್ತು ಥಾಮಸ್ ಲಯನ್, 1949ರಲ್ಲಿ. ಎದೆಗೆ ಅಂಟಿಸುವ ಆರು ಬಟ್ಟಲುಗಳಲ್ಲಿ ‘ವಿ1’ ಎದೆಮೂಳೆಯ ಬಲಮಗ್ಗುಲಲ್ಲಿದ್ದರೆ, ‘ವಿ5’ ಮತ್ತು ‘ವಿ6’ ಎಡ ಕಂಕುಳಿನ ಕಡೆಗಿರುತ್ತವೆ. ಎಡಗೋಡೆ ದಪ್ಪವಾದಾಗ ವಿದ್ಯುತ್ತಿನ ಒಟ್ಟು ಸೆಳೆತ ಇನ್ನಷ್ಟು ಎಡಕ್ಕೆ ವಾಲುತ್ತದೆ. ಆಗ ವಿ1ರಲ್ಲಿ ‘ಎಸ್’ ಗೀಟು ಆಳಕ್ಕಿಳಿಯುತ್ತದೆ, ವಿ5ರಲ್ಲಿ ‘ಆರ್’ ಗೀಟು ಎತ್ತರಕ್ಕೇಳುತ್ತದೆ. ಎರಡನ್ನೂ ಚಿಕ್ಕ ಚೌಕಗಳಲ್ಲಿ ಎಣಿಸಿ ಕೂಡಬೇಕು. ತಗ್ಗು 14, ಏರು 24 ಎಂದಿಟ್ಟುಕೊಳ್ಳಿ, ಒಟ್ಟು 38. ಮೊತ್ತ 35 ಮುಟ್ಟಿದರೆ ಗೋಡೆ ದಪ್ಪವಾಗಿರುವ ಶಂಕೆ. ಜೊತೆಗೆ ವಿ5, ವಿ6ರಲ್ಲಿ ಆರ್ ಇಳಿದ ಮೇಲಿನ ಗೀಟು ಜಗ್ಗಿ, ‘ಟಿ’ ಅಲೆ ತಲೆಕೆಳಗಾಗಿದ್ದರೆ ಹೃದಯ ಬಳಲುತ್ತಿದೆ ಎಂದೇ ವೈದ್ಯರು ಎಚ್ಚರಗೊಳ್ಳುತ್ತಾರೆ.

ಎಣಿಸುವ ಮೊದಲು ನೋಡಬೇಕಾದದ್ದು ಒಂದಿದೆ. ಕಾಗದದ ಅಂಚಿನಲ್ಲಿ ಒಂದು ಚಿಕ್ಕ ಚೌಕಟ್ಟಿನ ಗುರುತು ಇರುತ್ತದೆ. ಅದು ಹತ್ತು ಚೌಕ ಎತ್ತರವಿದ್ದರೆ ಒಂದು ಮಿಲಿವೋಲ್ಟ್‌ಗೆ ಹತ್ತು ಮಿಲಿಮೀಟರ್ ಎಂದರ್ಥ. ಗೀಟುಗಳು ಒಂದರ ಮೇಲೊಂದು ಏರಿಹೋಗುವಷ್ಟು ಎತ್ತರವಿದ್ದಾಗ ಟೆಕ್ನಿಷಿಯನ್ ಅಳತೆಯನ್ನು ಅರ್ಧಕ್ಕಿಳಿಸುತ್ತಾರೆ. ಆಗ ಗುರುತು ಐದೇ ಚೌಕ. ಅದನ್ನು ಗಮನಿಸದೆ ಎಣಿಸಿದರೆ 38 ಹೋಗಿ 19 ಆಗುತ್ತದೆ, ಕಾಯಿಲೆ ಇದ್ದವರು ಆರೋಗ್ಯವಂತರ ಸಾಲಿಗೆ ಸೇರುತ್ತಾರೆ.

ಈ ಲೆಕ್ಕಕ್ಕೆ ಮಿತಿಯಿದೆ. ಮೈ ತುಂಬಿದವರಲ್ಲಿ ಎದೆಯ ಮೇಲಿನ ಕೊಬ್ಬು ಗೀಟನ್ನು ಕುಗ್ಗಿಸುತ್ತದೆ. ತೆಳ್ಳಗಿನ ಹುಡುಗರಲ್ಲಿ, ಕ್ರೀಡಾಪಟುಗಳಲ್ಲಿ ಕಾಯಿಲೆಯಿಲ್ಲದೆಯೂ ಗೀಟು ಎತ್ತರವಿರುತ್ತದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಮಿತಿ ಇಟ್ಟ ಕಾರ್ನೆಲ್ ಮಾನದಂಡ 1985ರಲ್ಲಿ ಬಂತು. ಆದರೂ ಗೋಡೆ ದಪ್ಪವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಸಿಜಿಯ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಬಿಪಿ ಇರುವವರು ‘ಇಸಿಜಿ ನಾರ್ಮಲ್’ ಎಂಬ ಮಾತಿಗೇ ನಿರಾಳರಾಗುವುದು ಸಲ್ಲದು. ಗೋಡೆಯನ್ನು ನೇರವಾಗಿ ಅಳೆಯುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಇಸಿಜಿ ‘ಇದೆ’ ಎಂದಾಗ ಮಾತ್ರ ಆ ಮಾತಿಗೆ ತೂಕ ಹೆಚ್ಚು. ಎಕೋ ಯಂತ್ರ ಇಲ್ಲದ ಊರಿನಲ್ಲಿ, ಕೆಲವೇ ನಿಮಿಷದಲ್ಲಿ, ಕಡಿಮೆ ಖರ್ಚಿನಲ್ಲಿ ಅದು ಈ ಮಾತು ಹೇಳುತ್ತದೆ ಎಂಬ ಕಾರಣಕ್ಕೇ ನನಗೆ ಈ ಹಳೆಯ ಪರೀಕ್ಷೆಯ ಮೇಲೆ ಗೌರವ.

ದಪ್ಪವಾದ ಗೋಡೆ ಮತ್ತೆ ತೆಳುವಾಗಬಲ್ಲದು. ಇಸಿಜಿಯಲ್ಲೇ ಈ ಲಕ್ಷಣವಿದ್ದ 9,193 ಬಿಪಿ ರೋಗಿಗಳ ಮೇಲೆ ನಡೆದ ‘ಲೈಫ್’ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಿಂದ ಯಾರ ಗೀಟುಗಳು ತಗ್ಗುತ್ತ ಬಂದವೋ ಅವರಲ್ಲಿ ಪಾರ್ಶ್ವವಾಯು, ಹೃದಯಾಘಾತಗಳೂ ಕಡಿಮೆಯಾದದ್ದನ್ನು ಅದರ ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಗೀಟು ತಗ್ಗಿದೆಯೇ ಎಂದು ತಿಳಿಯಲು ಹಿಂದಿನ ಇಸಿಜಿ ಕೈಯಲ್ಲಿರಬೇಕು. ಬಹಳಷ್ಟು ಕಡೆ ಕೊಡುವುದು ಥರ್ಮಲ್ ಕಾಗದ. ಬಿಸಿಲಿಗೆ, ಪ್ಲಾಸ್ಟಿಕ್ ಕವರಿನೊಳಗೆ ಅದು ಮಾಸಿಹೋಗುತ್ತದೆ. ತೆಗೆಸಿದ ದಿನವೇ ಒಂದು ಜೆರಾಕ್ಸ್ ಮಾಡಿಸಿ, ತಾರೀಖು ಬರೆದು, ಬಿಪಿ ಚೀಟಿಯ ಜೊತೆಗಿಡಿ.