ವಿದ್ಯುನ್ಮಾನ ಸಾಕ್ಷ್ಯ ಮತ್ತು ಮೂಲಪ್ರತಿಯ ಪ್ರಶ್ನೆ

ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಜೆ. ಎಫ್. ಫ್ಲೀಟರು ಕೂಟಶಾಸನಗಳೆಂದು ತಿರಸ್ಕರಿಸಿದುದೂ ಬಿ. ಎಲ್. ರೈಸರು ಅವುಗಳನ್ನು ಸಮರ್ಥಿಸಿದುದೂ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅಂತಹ ವಾದಗಳಲ್ಲಿ ಎರಡು ಪ್ರಶ್ನೆಗಳು ಅಡಗಿರುತ್ತವೆ. ಕೈಯಲ್ಲಿರುವ ತಗಡು ತಾನು ಹೇಳಿಕೊಳ್ಳುವ ಕಾಲದ್ದೇ? ಅದರಲ್ಲಿ ಬರೆದಿರುವುದು ನಿಜವೇ? ಮೊದಲನೆಯದಕ್ಕೆ ಹೌದೆಂಬ ಉತ್ತರ ದೊರೆತ ಮಾತ್ರಕ್ಕೆ ಎರಡನೆಯದು ಇತ್ಯರ್ಥವಾಗುವುದಿಲ್ಲ. ಅಪರಾಧಗಳ ತನಿಖೆಯಲ್ಲಿ ಗಣಕಯಂತ್ರ, ಮೊಬೈಲು ಮೊದಲಾದವುಗಳಿಂದ ಸಂಗ್ರಹಿಸುವ ವಿದ್ಯುನ್ಮಾನ ಸಾಕ್ಷ್ಯದ ವಿಷಯದಲ್ಲಿಯೂ ಇಂತಹವೇ ಎರಡು ಪ್ರಶ್ನೆಗಳು ಏಳುತ್ತವೆ. ಇವೆರಡನ್ನೂ ಒಂದೆಂದು ಭಾವಿಸಿದಲ್ಲಿ ನಿರಪರಾಧಿಗೆ ಶಿಕ್ಷೆಯಾಗುವ ಸಂಭವವುಂಟು.

ಶಿಲೆಯನ್ನು ಎಷ್ಟು ಬಾರಿ ಓದಿದರೂ ಅದರ ಅಕ್ಷರ ಮಾರ್ಪಡುವುದಿಲ್ಲ. ಗಣಕಯಂತ್ರವಾದರೋ ಚಾಲನೆಗೊಂಡ ಮಾತ್ರದಿಂದಲೇ ತನ್ನೊಳಗಿನ ಎಷ್ಟೋ ಕಡತಗಳನ್ನು ತಾನಾಗಿ ತಿದ್ದಿಕೊಳ್ಳುತ್ತದೆ. ಆದುದರಿಂದ ಜಫ್ತಾದ ಹಾರ್ಡ್ ಡಿಸ್ಕನ್ನು ತಜ್ಞರು ನೇರವಾಗಿ ತೆರೆದು ನೋಡುವುದಿಲ್ಲ. ಓದಲು ಮಾತ್ರ ಅವಕಾಶವಿತ್ತು ಬರೆಯಲು ಬಿಡದ ಉಪಕರಣವೊಂದನ್ನು ನಡುವೆ ಜೋಡಿಸಿ, ಆದ್ಯಂತವಾಗಿ ನಕಲು ಮಾಡಿಕೊಂಡು, ಪರೀಕ್ಷೆಯನ್ನೆಲ್ಲ ಆ ನಕಲಿನ ಮೇಲೆಯೇ ನಡೆಸುತ್ತಾರೆ. ಹೀಗೆ ಮಾಡಿದಾಗ ಅಳಿಸಿದ ಕಡತಗಳ ಅವಶೇಷಗಳೂ ಕೈಗೆ ಬರುತ್ತವೆ. ಏಕೆಂದರೆ ಇಲ್ಲಿ ಅಳಿಸುವುದೆಂದರೆ ಸಾಮಾನ್ಯವಾಗಿ ಗ್ರಂಥದ ವಿಷಯಸೂಚಿಯಿಂದ ಹೆಸರನ್ನು ತೆಗೆದಂತೆಯೇ ಹೊರತು ಪುಟವನ್ನು ಹರಿದಂತಲ್ಲ. (ಈಚಿನ ಎಸ್.ಎಸ್.ಡಿ.ಗಳು ಆ ಪುಟಗಳನ್ನೂ ತಾವಾಗಿ ಒರೆಸಿಬಿಡುವುದುಂಟು.)

ನಕಲು ಮೂಲಕ್ಕೆ ಸಮವೆಂದು ತೋರಿಸಲು ಹ್ಯಾಷ್ ಮೌಲ್ಯವೆಂಬುದನ್ನು ಗಣಿಸುತ್ತಾರೆ. ಡಿಸ್ಕಿನಲ್ಲಿರುವ ಸಮಸ್ತವನ್ನೂ ಗಣಿತಸೂತ್ರವೊಂದರಲ್ಲಿ ಹಾಯಿಸಿದಾಗ ದೊರೆಯುವ ಸಂಖ್ಯೆ ಇದು. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಇದನ್ನು 64 ಚಿಹ್ನೆಗಳಲ್ಲಿ ಬರೆಯುತ್ತಾರೆ. ಮೂಲದಲ್ಲಿ ಒಂದು ಅಕ್ಷರ ಬದಲಾದರೂ ಸಂಖ್ಯೆ ಬೇರೆಯೇ ಆಗಿಬಿಡುತ್ತದೆ. ಜಫ್ತು ಮಾಡಿದಾಗಲೇ ಇದನ್ನು ಪಂಚನಾಮೆಯಲ್ಲಿ ನಮೂದಿಸಿದ್ದರೆ ಮುಂದೆ ಎಂದು ಬೇಕಾದರೂ ಹೋಲಿಸಿ ನೋಡಬಹುದು. ವಾರಗಳು ಕಳೆದ ಮೇಲೆ ಗಣಿಸಿದ ಮೌಲ್ಯವು ನಡುವಣ ದಿನಗಳಲ್ಲಿ ಏನು ನಡೆಯಿತೆಂಬುದನ್ನು ಹೇಳಲಾರದು.

ನಮ್ಮ ದೇಶದ ಕಾನೂನು ಬಹುಕಾಲ ಹೆಣಗಿದುದು ಈ ನಕಲಿನ ಪ್ರಶ್ನೆಯೊಡನೆಯೇ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಮೂಲಕ 1872ರ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 65ಬಿ ಪ್ರಕರಣವು ಇಂತಹ ನಕಲಿಗೆ ಪ್ರಮಾಣಪತ್ರವನ್ನು ವಿಧಿಸಿತು. ಸಂಸತ್ ಭವನದ ಮೇಲಿನ ದಾಳಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಆ ಪತ್ರವಿಲ್ಲದೆಯೂ ದೂರವಾಣಿ ಕರೆಗಳ ದಾಖಲೆಯನ್ನು ಅಂಗೀಕರಿಸಿತು. 2014ರಲ್ಲಿ ಅನ್ವರ್-ಬಷೀರ್ ಮೊಕದ್ದಮೆಯಲ್ಲಿ ಈ ನಿಲುವನ್ನು ತಾನೇ ತಳ್ಳಿಹಾಕಿತು. 2020ರ ಖೋತ್ಕರ್ ತೀರ್ಪು 2014ರ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಮೂಲ ಉಪಕರಣವನ್ನೇ ಅದರ ಒಡೆಯನು ನ್ಯಾಯಾಲಯಕ್ಕೆ ತಂದು ರುಜುವಾತು ಮಾಡಿದಲ್ಲಿ ಮಾತ್ರ ಪತ್ರದ ಅಗತ್ಯವಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಪ್ರಮಾಣಪತ್ರದಲ್ಲಿ ಹ್ಯಾಷ್ ಮೌಲ್ಯವನ್ನೂ ಬರೆದು ತಜ್ಞರ ರುಜುವನ್ನೂ ಪಡೆಯಬೇಕು. ಅದರ ನಮೂನೆಯಲ್ಲಿ ಎಂಡಿ5 ಎಂಬ ಹಳೆಯ ಕ್ರಮಕ್ಕೂ ಸ್ಥಾನವಿತ್ತಿರುವುದು ಸಮಂಜಸವಾಗಿ ತೋರುವುದಿಲ್ಲ. ಒಂದೇ ಎಂಡಿ5 ಮೌಲ್ಯವುಳ್ಳ ಎರಡು ಭಿನ್ನ ಕಡತಗಳನ್ನು ರಚಿಸಬಹುದೆಂದು 2004ರಲ್ಲಿಯೇ ಸಿದ್ಧಪಟ್ಟಿತ್ತು.

ಇಷ್ಟಾದರೂ ಸಿದ್ಧವಾಗುವುದು ನಕಲು ನಂಬತಕ್ಕದ್ದೆಂದು ಮಾತ್ರ. ಕಡತದ ಮೇಲಿರುವ ಕಾಲ ಯಂತ್ರದ ಗಡಿಯಾರ ತೋರಿಸಿದ ಕಾಲ. ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಿರಬಹುದು. ಅನೇಕ ಯಂತ್ರಗಳು ಗ್ರೀನಿಚ್ ಕಾಲಮಾನದಲ್ಲಿ ದಾಖಲೆ ಇಡುತ್ತವೆ. ಅದನ್ನೇ ಭಾರತೀಯ ಕಾಲವೆಂದು ಓದಿದರೆ 5 ಗಂಟೆ 30 ನಿಮಿಷದ ವ್ಯತ್ಯಾಸ ಬಂದು, ರಾತ್ರಿ 1 ಗಂಟೆಯ ಸಂದೇಶವು ಹಿಂದಿನ ದಿನದ ಸಂಜೆ 7-30ಕ್ಕೆ ಬೀಳುತ್ತದೆ. ಆ ಸಂಜೆ ಊರಲ್ಲಿಲ್ಲದವನು ಊರಲ್ಲಿದ್ದಂತಾಗುತ್ತದೆ. ಶಾಸನದ ಶಕವರ್ಷವನ್ನು ಸಂವತ್ಸರ, ತಿಥಿ, ವಾರಗಳೊಡನೆ ತಾಳೆ ನೋಡುವಂತೆ ಇಲ್ಲಿಯೂ ಅನ್ಯ ದಾಖಲೆಗಳೊಡನೆ ತಾಳೆ ನೋಡಬೇಕು.

ಕಾಲದಂತೆಯೇ ಹೆಸರೂ ಸಹ. ಕಡತದಲ್ಲಿ ಹೆಸರಿದ್ದ ಮಾತ್ರಕ್ಕೆ ಬರೆದ ಕೈ ಅವನದೇ ಎನ್ನಲಾಗದು. ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ವಿಚಿಟಾ ನಗರದ ಪೊಲೀಸರು ಈ ವಿವೇಕವನ್ನು ತೋರಿದರು. ಅಲ್ಲಿ ಮತ್ತು ಸುತ್ತಮುತ್ತ 1974ರಿಂದ 1991ರವರೆಗೆ 10 ಜನರನ್ನು ಕೊಂದವನು ಪೊಲೀಸರಿಗೂ ಪತ್ರಿಕೆಗಳಿಗೂ ಕಾಗದ ಬರೆಯುತ್ತಿದ್ದನು. ಫ್ಲಾಪಿ ಕಳುಹಿಸಿದರೆ ತನ್ನ ಸುಳಿವು ಸಿಕ್ಕೀತೇ ಎಂದು ಆತನು ಪೊಲೀಸರನ್ನೇ ಕೇಳಿದುದು ವಿಚಿತ್ರ. ಅಪಾಯವಿಲ್ಲವೆಂದು ಅವರು ಪತ್ರಿಕೆಯ ಜಾಹೀರಾತಿನ ಮೂಲಕ ಉತ್ತರಿಸಿದರು. 2005ರ ಫೆಬ್ರವರಿಯಲ್ಲಿ ದೂರದರ್ಶನ ಕೇಂದ್ರವೊಂದಕ್ಕೆ ಫ್ಲಾಪಿ ಬಂದಿತು. ಅದರಲ್ಲಿ ಅಳಿಸಿದ್ದ ಕಡತವೊಂದರ ಅವಶೇಷದಲ್ಲಿ ಒಂದು ಲೂಥರನ್ ಚರ್ಚಿನ ಹೆಸರೂ, ಕೊನೆಯಲ್ಲಿ ತಿದ್ದಿದವನು ‘ಡೆನಿಸ್’ ಎಂಬುದೂ ಉಳಿದಿದ್ದವು. ಆ ಚರ್ಚಿನ ಮಂಡಲಿಯ ಅಧ್ಯಕ್ಷನು ಡೆನಿಸ್ ರೇಡರ್. ಚರ್ಚಿನ ಗಣಕಯಂತ್ರವನ್ನು ಇತರರೂ ಮುಟ್ಟಿರಬಹುದಷ್ಟೆ! ಪೊಲೀಸರು ಆತನನ್ನು ಕೂಡಲೇ ಹಿಡಿಯಲಿಲ್ಲ. ನ್ಯಾಯಾಲಯದ ಅಪ್ಪಣೆ ಪಡೆದು, ಆಸ್ಪತ್ರೆಯಲ್ಲಿ ಉಳಿದಿದ್ದ ಆತನ ಮಗಳ ಜೀವಕೋಶಗಳ ಮಾದರಿಯ ಡಿಎನ್‌ಎಯನ್ನು ಕೊಲೆಯ ಸ್ಥಳದಲ್ಲಿ ದೊರೆತಿದ್ದ ಡಿಎನ್‌ಎಯೊಡನೆ ಹೋಲಿಸಿದರು. ಕೊಲೆಗಾರನು ಅವಳ ಹತ್ತಿರದ ರಕ್ತಸಂಬಂಧಿಯೆಂದು ತಿಳಿದ ಮೇಲೆಯೇ, ಫೆಬ್ರವರಿ 25ರಂದು, ಬಂಧನವಾಯಿತು. ಜೂನ್ ತಿಂಗಳಿನಲ್ಲಿ ಆತನು 10 ಕೊಲೆಗಳನ್ನೂ ಒಪ್ಪಿಕೊಂಡನು.