ಕಾಲಿನ ಗಾಯ ದವಡೆಗೆ ಬೀಗ ಹಾಕುವುದು ಹೇಗೆ?

ಗದ್ದೆಯ ಕೆಲಸದಲ್ಲಿ ಗುದ್ದಲಿ ತಾಗಿ ಕಾಲ್ಬೆರಳು ಸೀಳುತ್ತದೆ. ಬಟ್ಟೆ ಸುತ್ತಿ ಕೆಲಸ ಮುಂದುವರಿಸುತ್ತೇವೆ. ಗಾಯ ಮೇಲೆ ಮಾಯುತ್ತದೆ. ಎಂಟು ಹತ್ತು ದಿನ ಕಳೆದ ಮೇಲೆ ಬಾಯಿ ತೆರೆಯಲು ಬಾರದು. ಗಾಯವಾದದ್ದು ಕಾಲಿಗೆ, ಬಿಗಿದದ್ದು ದವಡೆ! ಗಾಳಿ ಸೋಂಕೆಂದು ಮಂತ್ರ ಹಾಕಿಸಿದವರೂ ಉಂಟು.

ಇದು ಧನುರ್ವಾಯು. ಇದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ, ವಿಶೇಷವಾಗಿ ಕುದುರೆ ಲದ್ದಿಯಲ್ಲಿ ಬೀಜರೂಪದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಾಳಿಯಾಡದ ಆಳವಾದ ಗಾಯ ಸಿಕ್ಕಿತೆಂದರೆ ಮೊಳೆತು ನಂಜು ಉತ್ಪತ್ತಿ ಮಾಡುತ್ತದೆ. 1889ರಲ್ಲಿ ಜಪಾನಿನ ವಿಜ್ಞಾನಿ ಕಿಟಸಾಟೊ ಇದನ್ನು ಬೇರ್ಪಡಿಸಿ ಬೆಳೆಸಿದರು. ರೋಗಾಣು ಗಾಯ ಬಿಟ್ಟು ಕದಲುವುದಿಲ್ಲ; ಪ್ರಯಾಣ ಮಾಡುವುದು ನಂಜು ಮಾತ್ರ.

ಬೆನ್ನುಹುರಿಯಿಂದ ಕಾಲಿನ ಸ್ನಾಯುವಿಗೆ ಬರುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದದ ಒಂದೇ ಜೀವಕೋಶ. ಅದರೊಳಗೆ ಸಾಮಗ್ರಿ ಸಾಗಿಸುವ ವ್ಯವಸ್ಥೆಯಿದೆ. ತುದಿಯಲ್ಲಿ ದೊರೆತ ಪೋಷಕ ವಸ್ತುಗಳನ್ನು ಹೊತ್ತು, ಸಂತೆಯಿಂದ ಮರಳುವ ಗಾಡಿಯಂತೆ, ಬೆನ್ನುಹುರಿಯ ಕಡೆಗೆ ಒಯ್ಯುವ ದಾರಿಯೂ ಇದೆ. ನಂಜು ಈ ಗಾಡಿಯನ್ನೇ ಏರುತ್ತದೆ. ವೇಗ ದಿನಕ್ಕೆ ಸುಮಾರು 75ರಿಂದ 250 ಮಿಲಿಮೀಟರ್. ರಕ್ತಕ್ಕೆ ಸೇರಿದ ನಂಜು ಮೈಯ ಎಲ್ಲ ನರತುದಿಗಳಿಗೂ ಹರಡುತ್ತದೆ. ದವಡೆಯ ನರ ಗಿಡ್ಡ, ಆದ್ದರಿಂದ ಅಲ್ಲಿ ಮೊದಲು ಗುರಿ ಮುಟ್ಟುತ್ತದೆ.

ತೋಳು ಮಡಚುವಾಗ ಒಂದು ಸ್ನಾಯು ಎಳೆದರೆ ಇನ್ನೊಂದು ಸಡಿಲವಾಗಬೇಕು. ಬೆನ್ನುಹುರಿಯಲ್ಲಿ ಇದಕ್ಕೆಂದೇ ತಡೆಯುವ ಕೋಶಗಳಿವೆ; ಎತ್ತಿಗೆ ಮೂಗುದಾರ ಇದ್ದಂತೆ. ನಂಜು ಈ ಕೋಶಗಳನ್ನು ಹೊಕ್ಕು, ತಡೆಯ ಸಂದೇಶ ಹೊರಬೀಳಲು ಬೇಕಾದ ಪ್ರೋಟೀನನ್ನು ಕತ್ತರಿಸುತ್ತದೆ. ಮೂಗುದಾರ ಹರಿದ ಮೇಲೆ ಎಲ್ಲ ಸ್ನಾಯುಗಳೂ ಏಕಕಾಲಕ್ಕೆ ಸೆಟೆದು ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಬಾಗಿಲ ಸದ್ದಾದರೂ ಸೆಳವು ಬರುತ್ತದೆ. ರೋಗಿಗೆ ಮಾತ್ರ ಎಚ್ಚರ ತಪ್ಪಿರುವುದಿಲ್ಲ.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಇನ್ನೂ ಹೊರಗೆ ಸುಳಿಯುತ್ತಿರುವ ನಂಜನ್ನಷ್ಟೇ ಹಿಡಿಯಬಲ್ಲದು, ನರದೊಳಗೆ ಹೊಕ್ಕಿದ್ದನ್ನಲ್ಲ. ತಡಮಾಡಬಾರದೆನ್ನುವುದು ಇದಕ್ಕಾಗಿಯೇ. ಇನ್ನೊಂದು ವಿಚಿತ್ರ: ಈ ರೋಗ ಒಮ್ಮೆ ಬಂದು ಹೋದರೂ ನಿರೋಧಶಕ್ತಿ ಹುಟ್ಟುವುದಿಲ್ಲ. ಆಳನ್ನು ಕೊಲ್ಲುವ ನಂಜಿನ ಪ್ರಮಾಣ ಅಷ್ಟು ಅಲ್ಪ. ಗುಣವಾದವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು.

ದನಗಳಿಗಿಂತ ಕುದುರೆ, ಕುರಿಗಳಿಗೆ ಅಪಾಯ ಹೆಚ್ಚು. ಲಾಳದ ಮೊಳೆ ಚುಚ್ಚಿದಾಗ, ಟಗರಿನ ಬೀಜ ತೆಗೆಸಿದಾಗ ಪಶುವೈದ್ಯರನ್ನು ಕಾಣಿರಿ. ಮನುಷ್ಯರಿಗೆ ಈಗ ಟಿ.ಟಿ. ಬದಲು ಟಿ.ಡಿ. ಲಸಿಕೆ ಬಂದಿದೆ. ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಕೊನೆಯ ಚುಚ್ಚುಮದ್ದು ಯಾವ ವರ್ಷದ್ದೆಂದು ವೈದ್ಯರಿಗೆ ತಿಳಿಸಿರಿ.