ಸಿರಪ್ಪಿನ ವಿಷ, ಪರೀಕ್ಷೆಯ ಬೆಲೆ

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಅಸುನೀಗಿದರು. ತಮಿಳುನಾಡಿನಲ್ಲಿ ತಯಾರಾಗಿದ್ದ ಆ ಔಷಧದ ಮಾದರಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು. ಅಂಗೀಕೃತ ಮಿತಿ ಶೇ 0.1 ಮಾತ್ರ.

ಈ ವಿಷ ಹೊಸದಲ್ಲ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ಪಡೆದು, ಮರುವರ್ಷ ಅಲ್ಲಿ ಹೊಸ ಔಷಧ ಕಾಯ್ದೆಗೆ ಕಾರಣವಾಯಿತು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನ ರೂಪದಲ್ಲಿ ರೋಗಿಗಳ ಪ್ರಾಣ ತೆಗೆಯಿತು. ಸಿರಪ್‌ಗೆ ಬಳಸುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ಗಳಂತೆಯೇ ಇದೂ ಬಣ್ಣವಿಲ್ಲದ, ಸಿಹಿಯಾದ, ಮಂದ ದ್ರವ. ಕಣ್ಣಿಗೂ ನಾಲಿಗೆಗೂ ವ್ಯತ್ಯಾಸ ತಿಳಿಯದು.

ತಿಳಿಯುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ. ಮಾದರಿಯನ್ನು ಆವಿಯಾಗಿಸಿ ಕೂದಲೆಳೆಯಷ್ಟು ಸಪೂರ ರಂಧ್ರದ ಉದ್ದನೆಯ ನಳಿಕೆಯಲ್ಲಿ ಹಾಯಿಸಿದರೆ, ಪ್ರತಿ ರಾಸಾಯನಿಕವೂ ತನ್ನದೇ ಸಮಯಕ್ಕೆ ಹೊರಬರುತ್ತದೆ. ಆದರೆ ಯಂತ್ರವಿದ್ದರಷ್ಟೇ ಸಾಲದು, ವಿಧಾನವೇ ಮೊದಲು ಪರೀಕ್ಷೆಗೆ ಒಳಗಾಗಬೇಕು. ಸಿರಪ್ಪಿನ ಸಕ್ಕರೆ, ಬಣ್ಣ, ಸುವಾಸನೆಗಳ ನಡುವೆಯೂ ವಿಷವೊಂದನ್ನೇ ಅದು ಗುರುತಿಸೀತೇ? ತಿಳಿದ ಪ್ರಮಾಣದ ವಿಷವನ್ನು ಬೆರೆಸಿ ಕೊಟ್ಟರೆ ಅಷ್ಟನ್ನೇ ತೋರಿಸೀತೇ? ಬೇರೆ ದಿನ, ಬೇರೆ ಕೈಯಲ್ಲಿ ಮಾಡಿದರೂ ಅದೇ ಉತ್ತರ ಬಂದೀತೇ? ಶೇ 0.1ಕ್ಕಿಂತ ಕೆಳಗಿನ ಅಂಶವನ್ನೂ ಅಳೆದೀತೇ? ಈ ಪ್ರಶ್ನೆಗಳಿಗೆ ದಾಖಲೆಸಹಿತ ಉತ್ತರ ನೀಡುವುದೇ ವಿಧಾನದ ದೃಢೀಕರಣ. ಅದಿಲ್ಲದ ‘ಪರೀಕ್ಷಿಸಲಾಗಿದೆ’ ಎಂಬ ಮುದ್ರೆ ಬರಿಯ ಶಾಯಿ.

ವಿಜ್ಞಾನ ಇಷ್ಟು ಸಿದ್ಧವಿರುವಾಗ ಸಾವೇಕೆ? ಅರ್ಥಶಾಸ್ತ್ರ ಕಲಿತ ನನಗೆ ಕಾಣುವ ಉತ್ತರ ಸರಳ. ಪರೀಕ್ಷೆಯ ವೆಚ್ಚ ತಯಾರಕನದು, ಪರೀಕ್ಷಿಸದಿದ್ದುದರ ವೆಚ್ಚ ಮಗುವಿನದು. ಖರೀದಿಸುವ ತಾಯಿಗೆ ಎರಡು ಬಾಟಲಿಗಳ ಅಂತರ ಅರಿಯುವ ದಾರಿಯೇ ಇಲ್ಲ. ಇಂಥ ಕಡೆ ಮಾರುಕಟ್ಟೆ ತಾನಾಗಿ ತಿದ್ದಿಕೊಳ್ಳುವುದಿಲ್ಲ, ಸರ್ಕಾರವೇ ನಡುವೆ ನಿಲ್ಲಬೇಕು.

ಗ್ಯಾಂಬಿಯಾದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ಭಾರತದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತು. 2023ರ ಜೂನ್ 1ರಿಂದ, ರಫ್ತಾಗುವ ಕೆಮ್ಮಿನ ಸಿರಪ್‌ಗಳಿಗೆ ಸರ್ಕಾರಿ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಛಿಂದ್ವಾಡಾದ ಮಕ್ಕಳಿಗೆ ಆ ಕಾವಲು ದೊರೆಯಲಿಲ್ಲ. ಅವರ ಸಾವಿನ ಬಳಿಕ, 2025ರ ಅಕ್ಟೋಬರ್‌ನಲ್ಲಿ, ಕಚ್ಚಾವಸ್ತು ಹಾಗೂ ಸಿದ್ಧ ಔಷಧದ ಪರೀಕ್ಷೆಯನ್ನು ಖಾತ್ರಿಪಡಿಸುವಂತೆ ಕೇಂದ್ರ ಔಷಧ ನಿಯಂತ್ರಕರು ರಾಜ್ಯಗಳಿಗೆ ಸೂಚಿಸಿದರು.

ಸುತ್ತೋಲೆಗಳು ಕಡತ ಸೇರುವುದು ಆಡಳಿತ ಬಲ್ಲವರಿಗೆ ಹೊಸತಲ್ಲ. ರಾಜ್ಯಗಳು ಪ್ರಯೋಗಾಲಯಗಳಿಗೆ ಯಂತ್ರ ಮತ್ತು ತಜ್ಞರನ್ನು ಒದಗಿಸಬೇಕು. ಗ್ಲಿಸರಿನ್‌ನ ಪ್ರತಿ ಪೀಪಾಯಿಯ ಪರೀಕ್ಷಾ ದಾಖಲೆಯನ್ನು ತಪಾಸಣಾಧಿಕಾರಿ ಕೇಳಿ ನೋಡಬೇಕು. ವಿದೇಶಿ ಗ್ರಾಹಕನಿಗೆ ನೀಡಿದ ಖಾತರಿಯನ್ನು ಸ್ವದೇಶದ ಮಗುವಿಗೂ ನೀಡುವುದು ಔದಾರ್ಯವಲ್ಲ, ಕರ್ತವ್ಯ.